ಭಾನುವಾರದ ಸಿನಿಮಾ: ಮತ್ತೆ ನಾಗರಹಾವು

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 7ಕ್ಕೆ ಎಸ್.ಎಸ್. ಪುರದ ನಮ್ಮ ಮನೆ ಮಹಡಿ ಮೇಲೆ ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972) ಹಾಕುತ್ತೇವೆ. ಎಷ್ಟು ಸಲ ನೋಡೋದು ಅನ್ನಬೇಡಿ. ಹೋದ ವಾರ ಪ್ರೊಜೆಕ್ಟರ್ ಸರಿಯಿದೆಯಾ ಅಂತ ಸುಮ್ನೆ ಹಾಕಿದವನು ಮುಗಿಯುವ ತನಕ ಎದ್ದಿಲ್ಲ.

ಹೈಸ್ಕೂಲಿನಲ್ಲಿ ನಾನು ಪೂರಾ ಈ ಸಿನಿಮಾದ ಬಿಸಿರಕ್ತದ ಹೀರೋ ರಾಮಾಚಾರಿಯ ಪಾರ್ಟಿ. ಕಾಲರ್ ಎತ್ತಿಕೊಂಡು ಓಡಾಡಿದ್ದೂ ಉಂಟು. ಅವನ ಗುರು ಚಾಮಯ್ಯ ಮೇಷ್ಟ್ರು ತೆರೆ ಮೇಲೆ ಬಂದರೆ, ಶುರುವಾಯ್ತಪ್ಪ ಬುದ್ಧಿವಾದ ಅನ್ನಿಸುತ್ತಿತ್ತು. ಈಗ ಮನೆಯಲ್ಲೇ ಪಿಯುಸಿ ಓದುವ ಒಬ್ಬ ರಾಮಾಚಾರಿ ಇದ್ದಾನಲ್ಲ, ಹಾಗಾಗಿ ಕಣ್ಣೆಲ್ಲ ಮೇಷ್ಟ್ರ ಪಾತ್ರದ ಅಶ್ವತ್ಥರ ಮುಖದ ಮೇಲೆ. ರಾಮಾಚಾರಿ ಪ್ರೀತಿಸಿದ ಅಲಮೇಲುವನ್ನು ಅವನು ಬಿಟ್ಟುಕೊಡುವ ಹಾಗೆ ಮೇಷ್ಟ್ರು ಮಾಡಿದ್ದು ತಪ್ಪು, ಅದು ಈಗಲೂ ನನ್ನ ವಾದ. ಆದರೆ ಮೊದಲಿನ ಹಾಗೆ ಬೈಯಲು ಬಾಯಿ ಬರುವುದಿಲ್ಲ. ಪಕ್ಕದಲ್ಲಿ ಮೊಬೈಲ್ ನೋಡುತ್ತಿದ್ದ ಮಗ ತಲೆ ಎತ್ತಿ, ‘ಅಪ್ಪಾ, ಈ ಮೇಷ್ಟ್ರು ಥೇಟ್ ನೀನೇ’ ಅಂದ. ಹೊಗಳಿಕೆ ಇರಲಾರದು!

ಮೂರು ಗಂಟೆಯ ಸಿನಿಮಾ, ಚಾಪೆ ತನ್ನಿ. ಚಳಿ ಜಾಸ್ತಿ, ಸ್ವೆಟರ್ ಮರೆಯಬೇಡಿ. ಕ್ಯಾತ್ಸಂದ್ರದಿಂದ ತಟ್ಟೆ ಇಡ್ಲಿ ತರಿಸಬೇಕು, ಎಷ್ಟು ಜನ ಅಂತ ಶನಿವಾರದೊಳಗೆ ಇಲ್ಲೇ ಹಾಕಿ. ಮಕ್ಕಳನ್ನೂ ಕರೆತನ್ನಿ, ಅವರು ಯಾರ ಪಾರ್ಟಿ ನೋಡೋಣ.