ಜೂಜಿನ ಲೆಕ್ಕಕ್ಕೆ ನಮ್ಮ ಆಟ ಸೇರಿಸಬೇಡಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಜಿಲ್ಲಾ ಪುಟದಲ್ಲಿ ಬೆಟ್ಟಿಂಗ್ ಆ್ಯಪ್‌ಗೆ ದುಡ್ಡು ಸುರಿದು ಸಾಲಗಾರನಾದ ಯುವಕನೊಬ್ಬನ ಸುದ್ದಿ ಬಂದಿತ್ತು. ಓದಿ ಸಂಕಟವಾಯಿತು. ಆದರೆ ಅದಕ್ಕೆ ನೀವು ಕೊಟ್ಟ ತಲೆಬರಹ ‘ಕಂಪ್ಯೂಟರ್ ಗೇಮ್ ಚಟ: ಬೀದಿಗೆ ಬಿದ್ದ ಯುವಕ’. ಪಕ್ಕದ ಚಿತ್ರದಲ್ಲಿ ಹೆಡ್‌ಫೋನ್ ಹಾಕಿಕೊಂಡ ಹುಡುಗ, ಕೀಬೋರ್ಡು, ಮೌಸು. ಅವತ್ತು ಬೆಳಿಗ್ಗೆ ಎಂಟಕ್ಕೆಲ್ಲ ದಾವಣಗೆರೆಯಿಂದ ನಮ್ಮ ಬೀಗರ ಫೋನು: “ಬೀಗ್ರ, ಪೇಪರ್ ನೋಡಿದ್ರೇನು? ನೀವೂ ರೊಕ್ಕ ಹಚ್ಚಿ ಆಡ್ತೀರೇನು?”

ನಾನು ರಾಣೆಬೆನ್ನೂರಿನಲ್ಲಿ 1995ರಿಂದ ಡಿಟಿಪಿ ಅಂಗಡಿ ನಡೆಸಿದವನು. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಬಿಲ್ ಬುಕ್ಕು. ಈಗ ವಯಸ್ಸು 58, ಅಂಗಡಿ ಮಗನ ಕೈಯಲ್ಲಿದೆ. ಮೂವತ್ತು ವರ್ಷದಿಂದ ಕಂಪ್ಯೂಟರ್ ಗೇಮ್ ಆಡುತ್ತಿದ್ದೇನೆ. ಒಂದು ರೂಪಾಯಿಯನ್ನೂ ಪಣಕ್ಕೆ ಹಚ್ಚಿದವನಲ್ಲ. ಇದನ್ನು ಬೀಗರಿಗೆ ವಿವರಿಸಲು ಇಪ್ಪತ್ತು ನಿಮಿಷ ಹಿಡಿಯಿತು. ಅವರು ಒಪ್ಪಿದರೋ ಇಲ್ಲವೋ, “ಆತು ಬಿಡ್ರಿ” ಅಂದರು.

ಮೌಸ್ ಹಿಡಿಯುವುದನ್ನು ನನಗೆ ಕಲಿಸಿದ್ದೇ ಆಟ. ವಿಂಡೋಸ್‌ನೊಳಗೆ 1990ರಿಂದ ಸಾಲಿಟೇರ್ ಇತ್ತು. ಇಸ್ಪೀಟೇ ಹೌದು, ಆದರೆ ಎದುರಿಗೆ ಕೂರುವವರಿಲ್ಲ, ಪಣವಿಲ್ಲ. ಎಲೆಯ ಮೇಲೆ ಒತ್ತಿ, ಹಿಡಿದುಕೊಂಡೇ ಎಳೆದು, ಸರಿಯಾದ ಜಾಗದಲ್ಲಿ ಬಿಡಬೇಕು. ಗಣಪತಿಯ ಚಿತ್ರವನ್ನು ಕಾರ್ಡಿನ ನೆತ್ತಿಗೆ ಎಳೆದು ಕೂರಿಸುವುದಕ್ಕೂ ಅದೇ ಕೈಚಳಕ ಬೇಕು. ಗೆದ್ದರೆ ಎಲೆಗಳು ಪುಟಿದು ಪುಟಿದು ಪರದೆಯ ತುಂಬ ಬೀಳುತ್ತಿದ್ದವು. ಅಷ್ಟೇ ಲಾಭ.

ಆಷಾಢದಲ್ಲಿ ಲಗ್ನವಿಲ್ಲ, ಅಂಗಡಿಗೆ ಗಿರಾಕಿಯಿಲ್ಲ. ಅದೇ ನನ್ನ ಆಟದ ಸೀಸನ್ನು. ಅಂಥ ಒಂದು ಆಷಾಢದಲ್ಲಿ ಗೆಳೆಯನೊಬ್ಬ ಫ್ಲಾಪಿಯಲ್ಲಿ ‘ಪ್ರಿನ್ಸ್ ಆಫ್ ಪರ್ಷಿಯಾ’ ತಂದುಕೊಟ್ಟ. 1989ರ ಆಟ, ಮಾಡಿದವರು ಜೋರ್ಡನ್ ಮೆಕ್ನರ್ ಎಂಬ ಅಮೆರಿಕದ ತರುಣ. ತಮ್ಮನಿಗೆ ಬಿಳಿ ಬಟ್ಟೆ ತೊಡಿಸಿ, ಓಡಿಸಿ, ಹಾರಿಸಿ, ವಿಡಿಯೊ ತೆಗೆದು, ಅದರ ಒಂದೊಂದು ಚೌಕಟ್ಟನ್ನೂ ನೋಡಿಕೊಂಡು ಗೊಂಬೆ ಬರೆದರಂತೆ. ಅದಕ್ಕೇ ಆ ರಾಜಕುಮಾರ ಗೋಡೆಯ ಅಂಚಿಗೆ ಜೋತುಬಿದ್ದು ಮೇಲೆ ಹತ್ತುವಾಗ ಮೈಯ ಭಾರ ನಮಗೂ ತಿಳಿಯುತ್ತದೆ. ಅಲ್ಲಿಯವರೆಗೆ ನಾನು ನೋಡಿದ್ದ ‘ಡೇಂಜರಸ್ ಡೇವ್’ ಎಂಬ ಆಟದವನು ಕಾಲಿಗೆ ಸ್ಪ್ರಿಂಗ್ ಕಟ್ಟಿಕೊಂಡವನಂತೆ ಹಾರುತ್ತಿದ್ದ.

ಒಂದು ಗಂಟೆಯೊಳಗೆ ರಾಜಕುಮಾರಿಯನ್ನು ಬಿಡಿಸಬೇಕು. ನಡುವೆ ಒಂದು ಮಾಯಾಕನ್ನಡಿ. ಅದನ್ನು ಒಡೆದು ಹಾರಿದರೆ ಇವನದೇ ನೆರಳು ಬೇರೆಯಾಗಿ ಓಡಿಹೋಗುತ್ತದೆ. ಆಮೇಲೆ ಕುಡಿಯಬೇಕಾದ ಔಷಧಿಯನ್ನು ಅದೇ ಬಂದು ಕುಡಿಯುತ್ತದೆ, ಬಾಗಿಲು ಮುಚ್ಚಿ ಇವನನ್ನು ಕೆಳಕ್ಕೆ ಕೆಡವುತ್ತದೆ. ಕೊನೆಗೆ ಕತ್ತಿ ಹಿಡಿದು ಎದುರು ನಿಲ್ಲುತ್ತದೆ. ಇಲ್ಲಿ ನಾನು ಒಂದು ತಿಂಗಳು ಸಿಕ್ಕಿಬಿದ್ದೆ. ಅದಕ್ಕೆ ಒಂದು ಏಟು ಹೊಡೆದರೆ ನನ್ನ ಪ್ರಾಣವೂ ಒಂದು ಕಡಿಮೆ. ಅದು ಸತ್ತರೆ ನಾನೂ ಸತ್ತೆ. ಫ್ಲಾಪಿಯಲ್ಲೇ ದೋಷವಿದೆ ಎಂದು ಗೆಳೆಯನ ಜೊತೆ ಜಗಳವನ್ನೂ ಆಡಿದೆ.

ಒಂದು ರಾತ್ರಿ ಊಟದ ಡಬ್ಬಿ ತಂದ ನನ್ನ ಹೆಂಡತಿ ಹಿಂದೆ ನಿಂತು ಐದು ನಿಮಿಷ ನೋಡಿದಳು. ಅವಳು ಕೀಬೋರ್ಡು ಮುಟ್ಟಿದವಳಲ್ಲ. “ಅವನೂ ನೀವ ಅಲ್ಲೇನ್ರೀ? ನಿಮ್ಮನ್ನ ನೀವ ಯಾಕ ಹೊಡ್ಕೋತೀರಿ? ಕತ್ತಿ ಒಳಗಿಡ್ರಿ” ಅಂದಳು. ಕೆಳಬಾಣದ ಕೀಲಿ ಒತ್ತಿದೆ. ಇವನು ಕತ್ತಿ ಒರೆಗೆ ಹಾಕಿದ, ಅವನೂ ಹಾಕಿದ. ಎದುರುಬದುರು ನಡೆದು ಬಂದರು. ಒಂದಾದರು. ನನಗೆ ಮೈ ಜುಮ್ಮೆಂದಿತು. ಅವಳು “ರೊಟ್ಟಿ ಆರ್ತಾವು” ಎಂದು ಡಬ್ಬಿ ಬಿಚ್ಚಿದಳು. ಇದನ್ನು ಚಟ ಎಂದು ಬರೆಯುವುದಾದರೆ ಬರೆಯಿರಿ.

ನಾನೇನೂ ಸಾಚಾ ಅಲ್ಲ. ‘ಏಜ್ ಆಫ್ ಎಂಪೈರ್ಸ್’ನ ಎರಡನೆಯದು, 1999ರಲ್ಲಿ ಬಂದದ್ದು, ನನ್ನ ನಿದ್ದೆಯನ್ನೇ ತಿಂದುಹಾಕಿತು. ಹಳ್ಳಿಗರಿಂದ ಕಟ್ಟಿಗೆ ಕಡಿಸು, ಕುರಿ ಕಾಯಿಸು, ಕೋಟೆ ಕಟ್ಟು. ಅಷ್ಟರಲ್ಲಿ ರಾತ್ರಿ ಎರಡು ಗಂಟೆ. ಮರುದಿನ ಅರೆನಿದ್ದೆಯಲ್ಲಿ ಲಗ್ನಪತ್ರಿಕೆಯೊಂದರಲ್ಲಿ 12.10ರ ಮುಹೂರ್ತವನ್ನು 10.12 ಎಂದು ಹೊಡೆದು 300 ಕಾರ್ಡು ಅಚ್ಚಾಗಿ ಹೋದವು. ಹೆಣ್ಣಿನ ತಂದೆ ಬೈಯಲಿಲ್ಲ, ಸುಮ್ಮನೆ ಕಾರ್ಡು ಹಿಡಿದುಕೊಂಡು ಕೂತರು. ಅದು ಬೈಗುಳಕ್ಕಿಂತ ಕಷ್ಟವಾಯಿತು. ನನ್ನ ಖರ್ಚಿನಲ್ಲೇ ಮತ್ತೆ ಅಚ್ಚು ಹಾಕಿಕೊಟ್ಟೆ. ಹಾಗಾಗಿ ಆಟ ಹೊತ್ತನ್ನು ನುಂಗುತ್ತದೆ ಎಂದು ಯಾರಾದರೂ ಬರೆದರೆ ನನ್ನ ತಕರಾರಿಲ್ಲ. ಕಾದಂಬರಿಯೂ ನುಂಗುತ್ತದೆ, ಕ್ರಿಕೆಟ್ಟೂ ನುಂಗುತ್ತದೆ, ಅದು ಬೇರೆ ಮಾತು.

ಆದರೆ ಹೊತ್ತು ನುಂಗುವುದು ಬೇರೆ, ಮನೆ ಮಾರಿಸುವುದು ಬೇರೆ. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯಲ್ಲಿ ದುಡ್ಡು ಹಚ್ಚಿ ಆಡುವ ಆಟಗಳಿಗೆ ನಿಷೇಧವಿದೆ. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಇ-ಸ್ಪೋರ್ಟ್ಸ್ (ಪಂದ್ಯವಾಗಿ ಆಡುವ ವಿಡಿಯೊ ಗೇಮ್) ಮತ್ತು ಮನರಂಜನೆಯ ಆಟಗಳನ್ನು ಅದೇ ಕಾಯ್ದೆ ಬೇರೆ ಇಟ್ಟು, ಬೆಳೆಸಬೇಕು ಎನ್ನುತ್ತದೆ. ದೆಹಲಿಯವರಿಗೆ ಕಂಡ ಗೆರೆ ನಮ್ಮ ಜಿಲ್ಲಾ ಪುಟಕ್ಕೆ ಕಾಣಲಿಲ್ಲವೇ? ‘ಜೂಜು’ ಎಂಬ ಎರಡಕ್ಷರದ ಚೊಕ್ಕ ಕನ್ನಡ ಪದ ಇರುವಾಗ, ತಲೆಬರಹದಲ್ಲಿ ಜಾಗ ಸಾಲಲಿಲ್ಲ ಎಂದೂ ಹೇಳುವಂತಿಲ್ಲ.

ನಡುವಿನ ಒಂದು ಜಾತಿಯೂ ಇದೆ. ಬಿಟ್ಟಿ ಎಂದು ಕರೆದು, ಒಳಗೆ ಬಂದ ಮೇಲೆ ಬಣ್ಣದ ಪೆಟ್ಟಿಗೆ ತೆರೆಯಲು ನೂರು, ಇನ್ನೂರು ಕೇಳುವ ಮೊಬೈಲ್ ಆಟಗಳು. ಪೆಟ್ಟಿಗೆಯಲ್ಲಿ ಏನಿದೆ ಎಂಬುದು ದುಡ್ಡು ಕೊಟ್ಟ ಮೇಲೆಯೇ ಗೊತ್ತಾಗುವುದು. ನನ್ನ ಮೊಮ್ಮಗ ಅಂಥದಕ್ಕೆ ಕೈಹಾಕಿದಾಗ ಬಿಡಿಸಿದವನು ನಾನೇ. ಯಾವ ಆಟ ಯಾವ ಜಾತಿಯದು ಎಂದು ತಂದೆತಾಯಿಗೆ ತಿಳಿಸುವವರು ಯಾರು? ಶುಕ್ರವಾರ ಬಂದ ಸಿನಿಮಾಕ್ಕೆ ನೀವು ಶನಿವಾರ ವಿಮರ್ಶೆ ಬರೆಯುತ್ತೀರಿ. ಗೇಮ್‌ಗೆ ತಿಂಗಳಿಗೊಮ್ಮೆ ಅರ್ಧ ಕಾಲಂ ಕೊಡಲಾಗದೇ?

ಬರೆಯಲು ಸರಕು ಬೇಕಾದಷ್ಟಿದೆ. ಅದೇ ‘ಏಜ್ ಆಫ್ ಎಂಪೈರ್ಸ್’ಗೆ 2022ರಲ್ಲಿ ಆಡಲು ಆರಿಸಿಕೊಳ್ಳಬಹುದಾದ ಒಂದು ಪಡೆಯಾಗಿ ದ್ರಾವಿಡರು ಬಂದರು. ಉರುಮಿ ಎಂಬ ಬಳುಕುವ ಕತ್ತಿ ಬೀಸುವ ಸೈನಿಕರಿದ್ದಾರೆ, ಆಳುಗಳಿಗೆ ಹೇಳಿದರೆ ತಮಿಳಿನಲ್ಲಿ ಓಗೊಡುತ್ತಾರೆ. ಬಾದಾಮಿಯ ಚಾಲುಕ್ಯರಿಗೆ ಬೇರೆ ಮನೆ ಯಾವಾಗ ಕಟ್ಟಿಕೊಡುತ್ತಾರೋ! ಪುಣೆಯ ನೋಡಿಂಗ್ ಹೆಡ್ಸ್ ಎಂಬವರು 2020ರಲ್ಲಿ ‘ರಾಜಿ’ ತಂದರು. ಕಳೆದುಹೋದ ತಮ್ಮನನ್ನು ಹುಡುಕುವ ಹುಡುಗಿಯ ಕತೆ, ಕೈಯಲ್ಲಿ ದುರ್ಗೆ ಕೊಟ್ಟ ತ್ರಿಶೂಲ. ಕಾಳಗದ ವೇಗಕ್ಕೆ ನನ್ನ ಬೆರಳು ಏಳಲಿಲ್ಲ, ಅರ್ಧಕ್ಕೇ ಬಿಟ್ಟೆ. ನಮ್ಮ ಓಣಿಯ ಹುಡುಗರು ‘ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ’ ಎಂಬ ಆಟದ ಬಸ್ಸಿಗೆ ನಮ್ಮ ಕೆಂಪು ಸರ್ಕಾರಿ ಬಸ್ಸಿನ ಬಣ್ಣ ಹೊಡೆದು ಇಂಡೋನೇಷ್ಯಾದ ರಸ್ತೆಯಲ್ಲಿ ಓಡಿಸುತ್ತಾರೆ.

ಸದ್ಯ ನಾನು ಆಡುತ್ತಿರುವುದು ‘ಸ್ಟಾರ್ಡ್ಯೂ ವ್ಯಾಲಿ’. ಎರಿಕ್ ಬರೋನ್ ಎಂಬುವರು ಚಿತ್ರ, ಸಂಗೀತ, ಕತೆ ಎಲ್ಲವನ್ನೂ ಒಬ್ಬರೇ ನಾಲ್ಕು ವರ್ಷಕ್ಕೂ ಮೇಲ್ಪಟ್ಟು ಕೂತು ಮಾಡಿ 2016ರಲ್ಲಿ ಹೊರತಂದ ಬೇಸಾಯದ ಆಟ. ಕಚೇರಿಯಲ್ಲಿ ಬೇಸತ್ತವನೊಬ್ಬ ಅಜ್ಜ ಬಿಟ್ಟುಹೋದ ಹೊಲಕ್ಕೆ ಮರಳುತ್ತಾನೆ. ಕಲ್ಲು ತೆಗೆದು, ಮಡಿ ಮಾಡಿ, ಬೀಜ ಹಾಕಿ ದಿನಾ ನೀರುಣಿಸಬೇಕು. ಮಳೆ ಬಂದ ದಿನ ಕೊಡ ಹಿಡಿಯುವ ಕೆಲಸವಿಲ್ಲ. ಬೆದರುಗೊಂಬೆ ನಿಲ್ಲಿಸದಿದ್ದರೆ ಕಾಗೆ ತಿನ್ನುತ್ತದೆ.

ನಮ್ಮಣ್ಣ ಊರಲ್ಲಿ ಐದೆಕರೆ ಮೆಕ್ಕೆಜೋಳ ಹಾಕುತ್ತಾನೆ. ಹೋದ ಅಮಾವಾಸ್ಯೆಗೆ ಮನೆಗೆ ಬಂದಾಗ ಈ ಆಟ ತೋರಿಸಿದೆ. ಇದರಲ್ಲಿ ಮೆಕ್ಕೆಜೋಳ 14 ದಿನಕ್ಕೆ ತೆನೆ ಕಟ್ಟುತ್ತದೆ. ಕಿತ್ತರೆ ಅದೇ ಗಿಡ ನಾಲ್ಕು ನಾಲ್ಕು ದಿನಕ್ಕೆ ಮತ್ತೆ ತೆನೆ ಕೊಡುತ್ತದೆ. ಅಂಗಡಿಯವನ ರೇಟು ತೆನೆಗೆ 50 ಹೊನ್ನು. ಎಷ್ಟು ಒಯ್ದು ಸುರಿದರೂ ಅದು ಇಳಿಯುವುದಿಲ್ಲ. ಅಣ್ಣ ಕನ್ನಡಕ ಏರಿಸಿಕೊಂಡು ಎಲ್ಲ ನೋಡಿ, “ಇದನ್ನ ಮಾಡಿದಾವ ಎಪಿಎಂಸಿ ಕಂಡಿಲ್ಲ ಬಿಡು” ಅಂದ. ಎದ್ದು ಹೊರಡುವಾಗ ಬಾಗಿಲಲ್ಲಿ ನಿಂತು, “ತಮ್ಮಾ, ಆ ಬೀಜ ಯಾವ ಅಂಗಡ್ಯಾಗ ಸಿಗ್ತೈತಿ ಕೇಳಿ ಹೇಳ” ಎಂದು ನಕ್ಕ.

ಅವನಿಗೂ ಒಂದು ಕಂಪ್ಯೂಟರ್ ಕೊಡಿಸುವ ಯೋಚನೆ ಇದೆ. ಅಷ್ಟರೊಳಗೆ ಅವನು ಓದುವ ನಿಮ್ಮ ಪತ್ರಿಕೆಯಲ್ಲಿ ಆ ತಲೆಬರಹಕ್ಕೊಂದು ತಿದ್ದುಪಡಿ ಬಂದರೆ ನನಗೆ ಅನುಕೂಲ.

— ಹಳೆಯ ಡಿಟಿಪಿ ಅಂಗಡಿಯವ, ರಾಣೆಬೆನ್ನೂರು