ಸೂರ್ಯಕಿರಣ್ ವಿಮಾನದ ಹಿಂಬದಿ ಆಸನ ಹಳ್ಳಿಯ ಶಿಕ್ಷಕರಿಗೂ ಸಿಗಲಿ

ಸಂಪಾದಕರಿಗೆ,

ಮಾನ್ಯರೇ,

ಬೀದರ್ ಸುತ್ತಮುತ್ತಲಿನ ಹಳ್ಳಿಶಾಲೆಗಳಲ್ಲಿ ಪಾಠ ಹೇಳಿದವರಿಗೆ ಒಂದು ಅಭ್ಯಾಸ ತಾನಾಗಿಯೇ ಅಂಟಿಕೊಂಡಿರುತ್ತದೆ. ವಾಯುಪಡೆಯ ವಿಮಾನಗಳ ಸದ್ದು ಹತ್ತಿರವಾದೊಡನೆ ಹೇಳುತ್ತಿದ್ದ ವಾಕ್ಯವನ್ನು ಅರ್ಧಕ್ಕೇ ನಿಲ್ಲಿಸಿ, ಸದ್ದು ಅಡಗಿದ ಮೇಲೆ ಬಿಟ್ಟ ಪದದಿಂದಲೇ ಮುಂದುವರಿಸುವ ಅಭ್ಯಾಸವದು. ನಾನು ಈ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ನನ್ನ ಸೇವೆಯ ಬಹುಭಾಗ, ಆಕಾಶದಲ್ಲಿ ಕಸರತ್ತು ತೋರಿಸುವ ವಾಯುಪಡೆಯ ಸೂರ್ಯಕಿರಣ್ ತಂಡದ ತಾಲೀಮಿನ ಸದ್ದಿನ ಕೆಳಗೇ ಕಳೆದಿದೆ. ಆ ತಂಡದ ವಿಮಾನದ ಹಿಂಬದಿ ಆಸನದಲ್ಲಿ ಯಾರು ಕೂರಬೇಕು ಎಂಬ ವಿಷಯದಲ್ಲಿ ನನ್ನದೊಂದು ಬೇಡಿಕೆಯಿದೆ. ಅದನ್ನು ತಮ್ಮ ಪತ್ರಿಕೆಯ ಮೂಲಕ ವಾಯುಪಡೆಯ ಅಧಿಕಾರಿಗಳ ಮತ್ತು ನಮ್ಮ ಶಿಕ್ಷಣ ಇಲಾಖೆಯ ಮುಂದಿಡಲು ಬಯಸುತ್ತೇನೆ.

ಸೂರ್ಯಕಿರಣ್ ತಂಡ ರೂಪುಗೊಂಡದ್ದು 1996ರಲ್ಲಿ, ಬೀದರಿನ ವಾಯುನೆಲೆಯಲ್ಲಿ. ಬೆಂಗಳೂರಿನ ವಿಮಾನ ತಯಾರಿಕಾ ಸಂಸ್ಥೆ ಎಚ್‌ಎಎಲ್ ವಿನ್ಯಾಸಗೊಳಿಸಿದ ಕಿರಣ್ ವಿಮಾನಗಳಿಂದಲೇ ತಂಡಕ್ಕೆ ಆ ಹೆಸರು ಒಪ್ಪಿತು. 2011ರಲ್ಲಿ ತರಬೇತಿ ವಿಮಾನಗಳ ಕೊರತೆಯಿಂದಾಗಿ ಪ್ರದರ್ಶನಗಳು ನಿಂತವು. 2015ರಲ್ಲಿ ಹಾಕ್ ವಿಮಾನಗಳೊಂದಿಗೆ ತಂಡ ಮತ್ತೆ ಬಾನಿಗೇರಿತು, ಮುಂದೆ ಮೊದಲಿನಂತೆ ಒಂಬತ್ತು ವಿಮಾನಗಳ ತಂಡವಾಯಿತು. ಈ ಹಾಕ್ ವಿಮಾನಗಳನ್ನೂ ಬ್ರಿಟಿಷ್ ಕಂಪನಿಯ ಪರವಾನಗಿ ಪಡೆದು ಎಚ್‌ಎಎಲ್ ಬೆಂಗಳೂರಿನಲ್ಲಿಯೇ ತಯಾರಿಸಿತು. ಕಿರಣ್ ವಿಮಾನದಲ್ಲಿ ಗುರು ಮತ್ತು ಶಿಷ್ಯ ಅಕ್ಕಪಕ್ಕ ಕೂರುತ್ತಿದ್ದರೆ, ಹಾಕ್‌ನಲ್ಲಿ ಒಬ್ಬರ ಹಿಂದೊಬ್ಬರು ಕೂರುತ್ತಾರೆ. ಎರಡೂ ಮೂಲತಃ ತರಬೇತಿಯ ವಿಮಾನಗಳಾದ್ದರಿಂದ, ಅವುಗಳಲ್ಲಿ ಎರಡನೆಯ ಆಸನ ಇರುವುದೇ ಕಲಿಯುವವರಿಗಾಗಿ ಎಂಬುದನ್ನು ಇಲ್ಲಿ ನೆನಪಿಸುತ್ತೇನೆ.

ಒಮ್ಮೆ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಕಿಟಕಿಯಾಚೆ ತಾಲೀಮು ನೋಡುತ್ತ, "ಟೀಚರ್, ವಿಮಾನ ಉಲ್ಟಾ ಆದಾಗ ಒಳಗಿದ್ದವ್ರು ಕೆಳಗ ಯಾಕ ಬೀಳಂಗಿಲ್ಲ?" ಎಂದು ಕೇಳಿದಳು. ನಾನು ತರಗತಿಯನ್ನು ಅಂಗಳಕ್ಕೆ ಕರೆದೊಯ್ದು, ಅರ್ಧ ನೀರು ತುಂಬಿದ ಬಕೆಟ್ಟನ್ನು ತಲೆಯ ಮೇಲಿನಿಂದ ಸುತ್ತು ತಿರುಗಿಸಿ ತೋರಿಸಿದೆ. ವೇಗವಾಗಿ ತಿರುಗಿಸಿದರೆ, ಬಕೆಟ್ಟು ಮೇಲೆ ಬೋರಲಾಗಿದ್ದರೂ ನೀರು ಚೆಲ್ಲುವುದಿಲ್ಲ. ವಿಮಾನ ಆಕಾಶದಲ್ಲಿ ಬಳೆಯಂತೆ ಸುತ್ತು ಹಾಕುವಾಗಲೂ ಪೈಲಟ್ ಹೀಗೆಯೇ ಆಸನಕ್ಕೆ ಒತ್ತಿಕೊಂಡಿರುತ್ತಾನೆ ಎಂದು ಹೇಳಿದೆ. ಹುಡುಗಿ ಬಿಡಲಿಲ್ಲ. "ಸುತ್ತು ಹಾಕದ ಸೀದಾ ಉಲ್ಟಾ ಹೋದ್ರ?" ಎಂದಳು. ಆಗ ಅವರನ್ನು ಹಿಡಿದಿಡುವುದು ಬೆಲ್ಟು ಮಾತ್ರ, ರಕ್ತವೆಲ್ಲ ತಲೆಗಿಳಿಯುತ್ತದೆ ಎಂದು ಓದಿದ್ದನ್ನು ಹೇಳಿದೆ. ಹೇಳಿದ್ದು ಸರಿಯೇ ಇತ್ತು. ಆದರೂ "ನಿಮಗ ಹೆಂಗ ಗೊತ್ತು?" ಎಂದು ಅವಳು ಮತ್ತೆ ಕೇಳಿದಾಗ, ಪುಸ್ತಕದಲ್ಲಿದೆ ಎನ್ನುವುದಕ್ಕಿಂತ ಹೆಚ್ಚಿನ ಉತ್ತರ ನನ್ನಲ್ಲಿರಲಿಲ್ಲ. ಆ ಪ್ರಶ್ನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ನಮ್ಮ ದೇಶದಲ್ಲಿ ಸೈನಿಕರಲ್ಲದವರು ಯುದ್ಧವಿಮಾನ ಏರಿದ ಉದಾಹರಣೆಗಳು ಸಾಕಷ್ಟಿವೆ. 2006ರ ಜೂನ್ 8ರಂದು ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅವರು ಪುಣೆಯ ಲೋಹೆಗಾಂವ್ ನೆಲೆಯಿಂದ ಸುಖೋಯ್‌ನಲ್ಲಿ ಹಾರಿದಾಗ ಅವರಿಗೆ 74 ವರ್ಷ. ಯೌವನದಲ್ಲಿ ವಾಯುಪಡೆ ಸೇರಲು ಹೋಗಿ, ಎಂಟು ಜನರ ಆಯ್ಕೆಯಲ್ಲಿ ಒಂಬತ್ತನೆಯವರಾಗಿ ಉಳಿದುಹೋದವರು ಅವರು. ಅವರ ನಂತರ ಪ್ರತಿಭಾ ಪಾಟೀಲ್ ಮತ್ತು ದ್ರೌಪದಿ ಮುರ್ಮು ಅವರೂ ಸುಖೋಯ್ ಏರಿದರು. 2019ರ ಸೆಪ್ಟೆಂಬರ್‌ನಲ್ಲಿ ರಕ್ಷಣಾ ಸಚಿವ ರಾಜನಾಥ್ ಸಿಂಗ್, 2023ರ ನವೆಂಬರ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಬೆಂಗಳೂರಿನಲ್ಲಿ ತೇಜಸ್‌ನಲ್ಲಿ ಹಾರಿದರು. ಬೆಂಗಳೂರಿನ ಏರೋ ಇಂಡಿಯಾ ವಿಮಾನ ಪ್ರದರ್ಶನಗಳಲ್ಲಿ ಉದ್ಯಮಿ ರತನ್ ಟಾಟಾ 2007ರಲ್ಲಿ ಅಮೆರಿಕದ ಎಫ್-16 ಏರಿದರೆ, ಬ್ಯಾಡ್ಮಿಂಟನ್ ಆಟಗಾರ್ತಿ ಪಿ.ವಿ. ಸಿಂಧು 2019ರಲ್ಲಿ ತೇಜಸ್ ಏರಿದರು. ಇವರಲ್ಲಿ ಯಾರ ಹಾರಾಟದ ಬಗೆಗೂ ನನ್ನ ಆಕ್ಷೇಪವಿಲ್ಲ. ಸಿಂಧು ಅವರು ಹಾರಿದಾಗ ನಮ್ಮ ಶಾಲೆಯ ಹುಡುಗಿಯರು ಪತ್ರಿಕೆಯ ಆ ಚಿತ್ರವನ್ನು ಕತ್ತರಿಸಿ ಗೋಡೆಗೆ ಅಂಟಿಸಿದ್ದರು. ಆದರೆ ಪಟ್ಟಿಯನ್ನು ಓದುತ್ತ ಹೋದರೆ, ಪದವಿ, ಸಂಪತ್ತು ಅಥವಾ ಖ್ಯಾತಿ ಇದ್ದವರನ್ನು ಬಿಟ್ಟು ಬೇರೆಯವರಿಗೆ ಅಲ್ಲಿ ದಾರಿ ಕಾಣುವುದಿಲ್ಲ.

ಅಮೆರಿಕದಲ್ಲಿ ಇದಕ್ಕೊಂದು ಬೇರೆಯ ದಾರಿಯನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. ಅಲ್ಲಿನ ನೌಕಾಪಡೆಯ ಬ್ಲೂ ಏಂಜೆಲ್ಸ್ ತಂಡ 1946ರಿಂದಲೂ ಇದೆ. ಅದರ ನೆಲೆ ಫ್ಲಾರಿಡಾದ ಪೆನ್ಸಕೋಲಾ. ತಂಡವು ಪ್ರದರ್ಶನ ನೀಡುವ ಊರಿನಲ್ಲಿ, ಏಳನೆಯ ಸಂಖ್ಯೆಯ ಎರಡು ಆಸನದ ವಿಮಾನದಲ್ಲಿ ಕೆಲವೇ ಕೆಲವು ನಾಗರಿಕರನ್ನು ಹಾರಿಸುತ್ತಾರೆ. ಹಣ ಕೊಟ್ಟು ಆ ಆಸನವನ್ನು ಕೊಳ್ಳಲಾಗದು. ಪತ್ರಕರ್ತರ ಜೊತೆಗೆ ಅದನ್ನು ಮುಖ್ಯವಾಗಿ ಮೀಸಲಿಡುವುದು ಎಳೆಯರ ಮನಸ್ಸನ್ನು ರೂಪಿಸುವವರಿಗೆ, ಅಂದರೆ ಶಾಲೆಯ ಮುಖ್ಯೋಪಾಧ್ಯಾಯರು, ಶಿಕ್ಷಕರು, ಆಟದ ತರಬೇತುದಾರರು, ಯುವಜನರ ನಡುವೆ ಕೆಲಸ ಮಾಡುವವರಿಗೆ. ಊರಿನವರು ಹೆಸರು ಸೂಚಿಸುತ್ತಾರೆ, ನೌಕಾಪಡೆ ಆರಿಸುತ್ತದೆ. ಅಲ್ಲಿನ ವಾಯುಪಡೆಯ ಥಂಡರ್‌ಬರ್ಡ್ಸ್ ತಂಡವೂ ತಮ್ಮ ಊರಿಗಾಗಿ ದುಡಿದ ಸಾಮಾನ್ಯ ಜನರನ್ನು ಆಯ್ದು ಎಫ್-16ರಲ್ಲಿ ಹಾರಿಸುತ್ತದೆ. ಇವರನ್ನು ಪ್ರದರ್ಶನದ ಸಾಲಿನಲ್ಲಿ, ರೆಕ್ಕೆಗೆ ರೆಕ್ಕೆ ತಾಗುವಂತೆ ಹಾರುವಾಗ ಕೂರಿಸುವುದಿಲ್ಲ. ಪ್ರದರ್ಶನಕ್ಕೆ ಮುಂಚಿನ ದಿನಗಳಲ್ಲಿ ಒಂದೇ ವಿಮಾನದಲ್ಲಿ ಪ್ರತ್ಯೇಕವಾಗಿ ಕರೆದೊಯ್ಯುತ್ತಾರೆ. ನೇಮಕಾತಿಗೆ ಜನರನ್ನು ಸೆಳೆಯುವ ಉದ್ದೇಶ ಇದರ ಹಿಂದಿದೆ ಎಂಬುದನ್ನು ಅವರೂ ಮುಚ್ಚಿಡುವುದಿಲ್ಲ. ಒಬ್ಬ ಆಟಗಾರ ಹಾರಿದರೆ ಚಿತ್ರ ಒಂದು ದಿನ ಪತ್ರಿಕೆಯಲ್ಲಿರುತ್ತದೆ, ಒಬ್ಬ ಶಿಕ್ಷಕಿ ಹಾರಿದರೆ ಆ ಅನುಭವ ಇಪ್ಪತ್ತು ವರ್ಷ ತರಗತಿಯಲ್ಲಿರುತ್ತದೆ ಎಂಬ ಲೆಕ್ಕಾಚಾರ ನನಗಂತೂ ಒಪ್ಪಿಗೆಯಾಗುತ್ತದೆ.

ಅಪಾಯದ ಮಾತನ್ನು ಬದಿಗಿಟ್ಟು ಈ ಬೇಡಿಕೆಯನ್ನು ಮುಂದಿಡುವುದು ಪ್ರಾಮಾಣಿಕವಾಗದು. ಬೀದರಿನ ಜನರಿಗೆ ಇದು ದೂರದ ಸುದ್ದಿಯಲ್ಲ. 2006ರಲ್ಲಿ ತಾಲೀಮಿನ ವೇಳೆ ತಂಡದ ಇಬ್ಬರು ಪೈಲಟ್‌ಗಳು, 2009ರಲ್ಲಿ ಮತ್ತೊಬ್ಬರು ಬೀದರಿನ ಬಳಿಯೇ ಪ್ರಾಣ ಕಳೆದುಕೊಂಡರು. 2019ರ ಫೆಬ್ರುವರಿ 19ರಂದು ಯಲಹಂಕದಲ್ಲಿ ಏರೋ ಇಂಡಿಯಾ ತಾಲೀಮಿನಲ್ಲಿ ಎರಡು ಹಾಕ್ ವಿಮಾನಗಳು ಡಿಕ್ಕಿಯಾಗಿ ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ಅವರು ತೀರಿಕೊಂಡರು. ಬ್ರಿಟನ್ನಿನ ರೆಡ್ ಆ್ಯರೋಸ್ ತಂಡದಲ್ಲಿ 2018ರ ಮಾರ್ಚ್ 20ರಂದು ಹಾಕ್ ವಿಮಾನವೊಂದು ಬಿದ್ದಾಗ ಪೈಲಟ್ ಹೊರಜಿಗಿದು ಬದುಕಿದರು, ಹಿಂಬದಿ ಆಸನದಲ್ಲಿದ್ದ ತಂಡದ ಎಂಜಿನಿಯರ್ ಉಳಿಯಲಿಲ್ಲ. ಕೆನಡಾದ ಸ್ನೋಬರ್ಡ್ಸ್ ತಂಡದಲ್ಲಿ 2020ರ ಮೇ 17ರಂದು ಎಂಜಿನ್ನಿಗೆ ಹಕ್ಕಿ ಸಿಲುಕಿ ವಿಮಾನ ಬಿದ್ದಾಗ ಮಡಿದವರು, ಅದರಲ್ಲಿ ಪ್ರಯಾಣಿಕರಾಗಿದ್ದ ತಂಡದ ಸಾರ್ವಜನಿಕ ಸಂಪರ್ಕಾಧಿಕಾರಿ. ಈ ಇಬ್ಬರೂ ಸೇನೆಯವರೇ, ವಿಮಾನಗಳ ನಡುವೆಯೇ ಬದುಕಿದವರು. ಹಾಗಿರುವಾಗ ಸಾಮಾನ್ಯ ನಾಗರಿಕರನ್ನು ಕೂರಿಸುವ ಮುನ್ನ ಎಷ್ಟು ಎಚ್ಚರ ಬೇಕೆಂಬುದನ್ನು ವಿವರಿಸಬೇಕಿಲ್ಲ.

ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಫ್ರಾನ್ಸಿನ ಒಂದು ಪ್ರಕರಣವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕೆನಿಸುತ್ತದೆ. 2019ರ ಮಾರ್ಚ್ 20ರಂದು ಸಾಂ-ದಿಜಿಯೆ ವಾಯುನೆಲೆಯಿಂದ 64 ವರ್ಷದ ನಾಗರಿಕರೊಬ್ಬರನ್ನು ರಫೇಲ್ ವಿಮಾನದಲ್ಲಿ ಹಾರಿಸಲಾಯಿತು. ಅದು ಅವರ ಸಹೋದ್ಯೋಗಿಗಳು ಅವರಿಗೆ ತಿಳಿಸದೆ ಏರ್ಪಡಿಸಿದ್ದ ಉಡುಗೊರೆ. ಮನಸ್ಸನ್ನು ಸಿದ್ಧಗೊಳಿಸಿಕೊಳ್ಳಲು ಅವರಿಗೆ ಸಮಯವೇ ಸಿಗಲಿಲ್ಲ. ಅವರ ಕೈಗಡಿಯಾರ ದಾಖಲಿಸಿದಂತೆ, ಹಾರುವ ಮೊದಲೇ ಎದೆಬಡಿತ ನಿಮಿಷಕ್ಕೆ 136ರಿಂದ 142ರಷ್ಟಿತ್ತು. ಬೆಲ್ಟುಗಳು ಸಡಿಲವಾಗಿದ್ದವು, ಹೆಲ್ಮೆಟ್ ಸರಿಯಾಗಿ ಬಿಗಿದಿರಲಿಲ್ಲ. ವೈದ್ಯರು ವಿಧಿಸಿದ್ದ ಮಿತಿಗಳು ಪೈಲಟ್‌ಗೆ ತಿಳಿದಿರಲಿಲ್ಲ. ವಿಮಾನ ಕಡಿದಾಗಿ ಏರಿ ತಟ್ಟನೆ ಸಮತಲಕ್ಕೆ ಬಂದಾಗ ಆಸನದಿಂದ ಮೇಲೆದ್ದಂತಾಗಿ, ಭಯದಲ್ಲಿ ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡರು. ಅದು, ಅಪಾಯದ ಗಳಿಗೆಯಲ್ಲಿ ಕೂತವರನ್ನು ಹೊರಗೆ ಚಿಮ್ಮಿಸುವ ಎಜೆಕ್ಷನ್ ಸೀಟಿನ ಹಿಡಿಯಾಗಿತ್ತು. ಅವರು ಆಸನದ ಸಮೇತ ಹೊರಗೆ ಚಿಮ್ಮಿದರು. ಪೈಲಟ್‌ನ ಆಸನವೂ ಜೊತೆಗೇ ಚಿಮ್ಮಬೇಕಿತ್ತು. ಯಾವುದೋ ದೋಷದಿಂದ ಹಾಗಾಗದೆ, ಪೈಲಟ್ ವಿಮಾನವನ್ನು ಸುರಕ್ಷಿತವಾಗಿ ಇಳಿಸಿದರು. ಪ್ರಯಾಣಿಕರೂ ಬದುಕುಳಿದರು. ವಿಚಾರಣೆಯ ವರದಿಯನ್ನು ಫ್ರೆಂಚರು ಮುಚ್ಚಿಡದೆ ಪ್ರಕಟಿಸಿದ್ದು ಮೆಚ್ಚತಕ್ಕದ್ದು. ಅದರಿಂದ ಕಲಿಯಬೇಕಾದದ್ದೆಲ್ಲ ನಮಗೂ ದೊರೆತಿದೆ. ನಾಗರಿಕರ ಹಾರಾಟ ಎಂದಿಗೂ ಅಚ್ಚರಿಯ ಕೊಡುಗೆಯಾಗಬಾರದು. ವಾರಗಳ ಮುಂಚೆಯೇ ತಿಳಿಸಿ, ಸಿದ್ಧಗೊಳಿಸಿ, ಕೊನೆಯ ಗಳಿಗೆಯಲ್ಲಿಯೂ "ಬೇಡ" ಎನ್ನುವ ಸ್ವಾತಂತ್ರ್ಯವನ್ನು ಅವರಿಗೆ ಕೊಡಬೇಕು.

ಆ ಸಿದ್ಧತೆಗೆ ಬೇಕಾದ ಜ್ಞಾನ ನಮ್ಮ ರಾಜ್ಯದಲ್ಲಿಯೇ ಇದೆ. ಬೆಂಗಳೂರಿನ ವಿಮಾನಪುರದಲ್ಲಿರುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ದಶಕಗಳಿಂದ ಪೈಲಟ್‌ಗಳನ್ನು ಪರೀಕ್ಷಿಸುತ್ತ ಬಂದಿದೆ. ಗಗನಯಾನಕ್ಕೆ ಆಯ್ಕೆಯಾದ ಗಗನಯಾತ್ರಿಗಳ ವೈದ್ಯಕೀಯ ಪರೀಕ್ಷೆಗಳೂ ಅಲ್ಲಿ ನಡೆದವು. ಜೋರಾಗಿ ತಿರುಗುವಾಗ ದೇಹದ ಮೇಲೆ ಗುರುತ್ವದ ಆರು ಪಟ್ಟು ಒತ್ತಡ ಬಿದ್ದರೆ, 60 ಕಿಲೋ ತೂಕದವರು ಆ ಕ್ಷಣ 360 ಕಿಲೋ ತೂಗಿದಂತೆ ಆಸನಕ್ಕೆ ಕುಸಿಯುತ್ತಾರೆ. ರಕ್ತ ತಲೆಯಿಂದ ಕಾಲಿಗಿಳಿದು ಮೊದಲು ಬಣ್ಣಗಳು ಮಾಸುತ್ತವೆ, ನೋಟ ಕಿರಿದಾಗುತ್ತದೆ, ಕೊನೆಗೆ ಪ್ರಜ್ಞೆ ತಪ್ಪುತ್ತದೆ. ಇದನ್ನು ತಡೆಯಲು ಮೀನಖಂಡ, ತೊಡೆ, ಹೊಟ್ಟೆಗಳ ಸ್ನಾಯುಗಳನ್ನು ಬಿಗಿಹಿಡಿದು ಚಿಕ್ಕಚಿಕ್ಕ ಉಸಿರು ತೆಗೆದುಕೊಳ್ಳುವ ಕ್ರಮವಿದೆ. ಗಾಳಿ ತುಂಬಿ ಕಾಲುಗಳನ್ನು ಒತ್ತಿಹಿಡಿಯುವ ಜಿ-ಸೂಟ್ ಎಂಬ ಉಡುಪೂ ಇದೆ. ಬ್ಲೂ ಏಂಜೆಲ್ಸ್ ಪೈಲಟ್‌ಗಳು ಮಾತ್ರ ಅದನ್ನು ತೊಡುವುದಿಲ್ಲ. ತೊಡೆಯ ಮೇಲೆ ಊರಿದ ಮುಂಗೈಯನ್ನು ಉಬ್ಬಿದ ಉಡುಪು ಅಲುಗಿಸಿದರೆ, ಪಕ್ಕದ ವಿಮಾನ ಕೈಯಳತೆಯಲ್ಲಿರುವಾಗ ಅನಾಹುತವಾದೀತು ಎಂಬ ಕಾರಣಕ್ಕೆ ಅವರು ಸ್ನಾಯುಬಲವನ್ನೇ ನೆಚ್ಚುತ್ತಾರೆ. ಬೆನ್ನುಹುರಿಯ ತೊಂದರೆ ಇರುವವರಿಗೆ ಎಜೆಕ್ಷನ್ ಸೀಟಿನ ಒದೆತ ಅಪಾಯಕರ. ಹೃದ್ರೋಗಿಗಳನ್ನೂ ಗರ್ಭಿಣಿಯರನ್ನೂ ಹಾರಿಸುವ ಪ್ರಶ್ನೆಯೇ ಇಲ್ಲ. ತೀರ ಕಡಿಮೆ ಅಥವಾ ತೀರ ಹೆಚ್ಚು ತೂಕದವರಿಗೂ ಆ ಆಸನ ಹೊಂದುವುದಿಲ್ಲ. ಇವೆಲ್ಲವನ್ನೂ ಅರ್ಜಿ ಕರೆಯುವಾಗಲೇ ಸರಳ ಕನ್ನಡದಲ್ಲಿ ಪ್ರಕಟಿಸಿದರೆ, ಆಯ್ಕೆಯಾದ ಮೇಲೆ ನಿರಾಸೆಪಡುವವರ ಸಂಖ್ಯೆ ಕಡಿಮೆಯಾದೀತು.

ನನ್ನ ಬೇಡಿಕೆ ಇಷ್ಟು. ಬೀದರ್ ನೆಲೆಯಲ್ಲಿ ವರ್ಷಕ್ಕೆ ಹತ್ತು ಹನ್ನೆರಡು ಹಾರಾಟಗಳನ್ನು ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ವಿಜ್ಞಾನ, ಗಣಿತ, ದೈಹಿಕ ಶಿಕ್ಷಣದ ಶಿಕ್ಷಕರಿಗೆ ಮೀಸಲಿಡಬೇಕು. ಹೆಸರನ್ನು ಊರಿನವರು, ಸಾಧ್ಯವಾದರೆ ವಿದ್ಯಾರ್ಥಿಗಳೇ, ಕಾರಣ ಬರೆದು ಸೂಚಿಸಬೇಕು. ವೈದ್ಯಕೀಯ ಪರೀಕ್ಷೆಯಲ್ಲಿ ಅರ್ಹರಾದವರ ನಡುವೆ ಬಹಿರಂಗವಾಗಿ ಚೀಟಿ ಎತ್ತಬೇಕು. ಚೀಟಿಯನ್ನೇ ಏಕೆ ಒತ್ತಾಯಿಸುತ್ತೇನೆಂದರೆ, ಸಂದರ್ಶನವೆಂದೊಡನೆ ಶಿಫಾರಸು ಬರುತ್ತದೆ, ಶಿಫಾರಸು ಬಂದೊಡನೆ ಔರಾದ್ ಗಡಿಯ ಶಾಲೆಯ ಶಿಕ್ಷಕಿ ಪಟ್ಟಿಯಿಂದ ಹೊರಗುಳಿಯುತ್ತಾಳೆ. ಹಾರಿದವರು ಮುಂದಿನ ಒಂದು ವರ್ಷ ಜಿಲ್ಲೆಯ ನಿಗದಿತ ಶಾಲೆಗಳಿಗೆ ಹೋಗಿ ತಮ್ಮ ಅನುಭವವನ್ನು ಪಾಠವಾಗಿ ಹೇಳಬೇಕೆಂಬ ಕರಾರು ಇರಲಿ. ಹಾರಾಟದಲ್ಲಿ ಕಠಿಣ ಕಸರತ್ತುಗಳು ಬೇಕಿಲ್ಲ; ಒಂದೇ ವಿಮಾನದಲ್ಲಿ, ತಂಡದ ಅನುಭವಿ ಬೋಧಕ ಪೈಲಟ್ ಜೊತೆಗೆ, ದೇಹ ತಾಳುವಷ್ಟು ತಿರುವುಗಳು ಸಾಕು.

ಇಂಧನದ ಖರ್ಚು, ಪೈಲಟ್‌ಗಳ ಸಮಯ ಇವು ದೇಶದ ರಕ್ಷಣೆಗೆ ಮೀಸಲಾದವು ಎಂಬ ಆಕ್ಷೇಪ ಬರಬಹುದು. ಆಕ್ಷೇಪದಲ್ಲಿ ಹುರುಳಿದೆ. ಆದರೆ ಪ್ರದರ್ಶನ ತಂಡವನ್ನು ಸರ್ಕಾರ ಸಾಕುತ್ತಿರುವುದೇ ಜನರ ಮನಸ್ಸಿನಲ್ಲಿ ವಾಯುಪಡೆಯ ಬಗೆಗೆ ಪ್ರೀತಿ ಹುಟ್ಟಿಸಲು, ಎಳೆಯರನ್ನು ಅತ್ತ ಸೆಳೆಯಲು. ಆ ಕೆಲಸವನ್ನು ಕೆಲವು ನಿಮಿಷ ಆಕಾಶದಲ್ಲಿ ತ್ರಿವರ್ಣದ ಹೊಗೆ ಎಳೆದು ಮಾಡುವುದರ ಜೊತೆಗೆ, ನೆಲದ ಮೇಲೆ ವರ್ಷವಿಡೀ ಮಾಡಬಲ್ಲವರನ್ನೂ ಸೇರಿಸಿಕೊಳ್ಳಿ ಎಂದಷ್ಟೇ ಕೇಳುತ್ತಿದ್ದೇನೆ. ಎನ್‌ಸಿಸಿಯ ವಾಯು ವಿಭಾಗದಲ್ಲಿ ಕೆಡೆಟ್‌ಗಳಿಗೆ ಮೈಕ್ರೋಲೈಟ್ ವಿಮಾನದಲ್ಲಿ ಹಾರುವ ಅವಕಾಶವಿದೆ. ಆದರೆ ಆ ಘಟಕಗಳಿರುವ ಶಾಲೆ ಕಾಲೇಜುಗಳು ನಮ್ಮ ಹಳ್ಳಿಗಳಿಂದ ದೂರ.

ಇದು ನನಗಾಗಿ ಕೇಳುತ್ತಿರುವುದಲ್ಲ. ನನ್ನ ವಯಸ್ಸಿಗೂ ಸೊಂಟದ ನೋವಿಗೂ ಯಾವ ವೈದ್ಯರೂ ಅನುಮತಿ ಕೊಡಲಾರರು. ಬಕೆಟ್ಟಿನ ಪ್ರಶ್ನೆ ಕೇಳಿದ ಆ ಹುಡುಗಿ ಇಂದು ಭಾಲ್ಕಿ ತಾಲ್ಲೂಕಿನ ಶಾಲೆಯೊಂದರಲ್ಲಿ ತಾನೇ ವಿಜ್ಞಾನ ಕಲಿಸುತ್ತಿದ್ದಾಳೆ. ಅರ್ಜಿ ಕರೆಯುವ ದಿನ ಬಂದರೆ, ಅವಳ ಹೆಸರನ್ನು ಕಾರಣ ಸಹಿತ ಬರೆದು ಕಳುಹಿಸುವವರಲ್ಲಿ ನಾನು ಮೊದಲಿಗಳಾಗಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕಿ,
ಬೀದರ್