ನೀರು ಮುಗಿಯುವುದಿಲ್ಲ, ಸರಿ. ಸಾಲುತ್ತದೆಯೇ?

ಸಂಪಾದಕರೇ,

ಮೊನ್ನೆ ಇದೇ ಅಂಕಣದಲ್ಲಿ ಓದುಗರೊಬ್ಬರು ಬರೆದಿದ್ದರು. ನೀರು ಆವಿಯಾಗಿ ಮೋಡವಾಗುತ್ತದೆ, ಮಳೆಯಾಗಿ ಮತ್ತೆ ಕೆಳಗೆ ಬರುತ್ತದೆ, ಭೂಮಿ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ, ಹಾಗಾಗಿ ನೀರಿನ ಕೊರತೆ ಅನ್ನುವುದೆಲ್ಲ ಸುಮ್ನೆ ಹೆದರಿಸುವ ಮಾತು ಅಂತ. ಓದಿ ನಗು ಬಂತು, ಆಮೇಲೆ ಬೇಜಾರೂ ಆಯಿತು. ಯಾಕೆಂದರೆ ಅವರು ಹೇಳಿದ್ದರಲ್ಲಿ ಮುಕ್ಕಾಲು ಪಾಲು ನಿಜವೇ. ತಪ್ಪಿರುವುದು ಆ ‘ಹಾಗಾಗಿ’ಯಲ್ಲಿ.

ನನಗೂ ಶಾಲೆಯಲ್ಲಿ ಅದೇ ಚಿತ್ರ ಬರೆಸಿದ್ದರು. ಸಮುದ್ರ, ಮೇಲಕ್ಕೊಂದು ಬಾಣ, ಮೋಡ, ಕೆಳಕ್ಕೊಂದು ಬಾಣ. ಎಲ್ಲ ಬಾಣಗಳೂ ಒಂದೇ ದಪ್ಪ! ಯಾವ ಬಾಣದಲ್ಲಿ ಎಷ್ಟು ನೀರು, ಎಷ್ಟು ದಿನ ಹಿಡಿಯುತ್ತದೆ ಅಂತ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಕೆಲವು ದಿನಗಳ ಹಿಂದೆ ಕುತೂಹಲಕ್ಕೆ ಒಂದು ಕೆಲಸ ಮಾಡಿದೆ. ಅಗಲವಾದ ಸ್ಟೀಲ್ ತಟ್ಟೆಗೆ ಉಪ್ಪು ಕಲಸಿದ ನೀರು ಹಾಕಿ, ನೀರು ನಿಂತ ಕಡೆ ಪೆನ್ನಿನಲ್ಲಿ ಗೀಟು ಎಳೆದು ಬಿಸಿಲಿಗಿಟ್ಟೆ. ಸಂಜೆವರೆಗೂ ಒಳ್ಳೆ ಬಿಸಿಲು ಬಿತ್ತು. ನೀರು ಇಳಿದಿದ್ದು ಅರ್ಧ ಬೆರಳ ದಪ್ಪವೂ ಇಲ್ಲ. ನಾಲ್ಕನೇ ದಿನ ನೋಡಿದರೆ ಅಂಚಿನ ಸುತ್ತ ಬಿಳಿ ಉಪ್ಪಿನ ಪಟ್ಟೆ, ನಡುವೆ ಒಂದಿಷ್ಟು ನೀರು. ಸಮುದ್ರದಲ್ಲಿ ನಡೆಯುವುದೂ ಇದೇ. ಸರಾಸರಿ ದಿನಕ್ಕೆ ಮೂರು-ನಾಲ್ಕು ಮಿಲಿಮೀಟರ್ ನೀರು ಮೇಲೇಳುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಹಾಗೆ ಎದ್ದ ನೀರಿನಲ್ಲಿ ಹತ್ತಕ್ಕೆ ಒಂಬತ್ತು ಪಾಲು ಮತ್ತೆ ಸಮುದ್ರದ ಮೇಲೇ ಸುರಿದುಬಿಡುತ್ತದೆ. ನೆಲದ ಕಡೆ ಬರುವುದು ಮಿಕ್ಕ ಒಂದು ಪಾಲು.

ಭೂಮಿಯ ನೀರಿನಲ್ಲಿ ಸಿಹಿನೀರು ಶೇ 2.5ರಷ್ಟೇ, ಅದರಲ್ಲೂ ಮೂರನೇ ಎರಡಕ್ಕಿಂತ ಜಾಸ್ತಿ ಹಿಮವಾಗಿ ಕೂತಿದೆ ಅನ್ನುವುದು ಎಲ್ಲರಿಗೂ ಬಾಯಿಪಾಠ. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ವೇಗ. ಈ ಕ್ಷಣ ಗಾಳಿಯಲ್ಲಿರುವ ಅಷ್ಟೂ ಆವಿ ಒಟ್ಟಿಗೆ ಮಳೆಯಾಗಿ ಸುರಿದು ಇಡೀ ಭೂಮಿಯ ಮೇಲೆ ಸಮನಾಗಿ ನಿಂತರೂ ಒಂದು ಇಂಚು ಆಳ ಆಗುತ್ತದೆ, ಅಷ್ಟೇ. ಆ ಒಂದು ಇಂಚು ಸುಮಾರು ಒಂಬತ್ತು ದಿನಕ್ಕೊಮ್ಮೆ ಖಾಲಿಯಾಗಿ ಮತ್ತೆ ತುಂಬುತ್ತಿರುತ್ತದೆ, ಅದರಿಂದಲೇ ವರ್ಷವಿಡೀ ಮಳೆ. ಎತ್ತುವ ಕೆಲಸ ಸೂರ್ಯನದು. ಸಾವಿರ ಲೀಟರ್ ನೀರನ್ನು ಆವಿ ಮಾಡಲು 650 ಯೂನಿಟ್‌ಗಿಂತ ಜಾಸ್ತಿ ಶಕ್ತಿ ಬೇಕು. ನಮಗೆ ನೀರು ಜಾಸ್ತಿ ಬೇಕಾಯಿತು ಅಂತ ಸೂರ್ಯ ಓವರ್‌ಟೈಮ್ ಮಾಡುವುದಿಲ್ಲ.

ಸಮುದ್ರದ ನೀರನ್ನೇ ಸಿಹಿ ಮಾಡಿಕೊಂಡರಾಯಿತಲ್ವಾ ಅಂತ ಕೇಳಬಹುದು. ಪೊರೆಯ ಮೂಲಕ ಒತ್ತಿ ಉಪ್ಪು ತೆಗೆಯುವ ಘಟಕಗಳಿಗೆ ಸಾವಿರ ಲೀಟರ್‌ಗೆ ಮೂರು-ನಾಲ್ಕು ಯೂನಿಟ್ ಕರೆಂಟ್ ಸಾಕು, ಅದು ನಿಜಕ್ಕೂ ಜಾಣ ಕೆಲಸ. ದಡದ ಊರಿಗೆ ಕುಡಿಯಲು ಆಯಿತು. ಆದರೆ ಜಗತ್ತಿನಲ್ಲಿ ಮನುಷ್ಯರು ಎತ್ತುವ ನೀರಿನಲ್ಲಿ ಶೇ 70ರಷ್ಟು ಹೋಗುವುದು ಹೊಲಕ್ಕೆ. ಸಾವಿರ ಲೀಟರ್ ಅಂದರೆ ಒಂದು ಟನ್ ತೂಕ. ಅದನ್ನು ದಡದಿಂದ ನೂರಾರು ಕಿಲೋಮೀಟರ್ ಒಳಗೆ, ಏರು ಹತ್ತಿಸಿ ಹೊಲಕ್ಕೆ ಹಾಯಿಸುವ ಲೆಕ್ಕ ಯಾರಾದರೂ ಹಾಕಿ ನೋಡಲಿ. ಉಳಿದ ಕಡು ಉಪ್ಪುನೀರನ್ನು ಎಲ್ಲಿ ಬಿಡುವುದು ಅನ್ನುವ ತಲೆನೋವು ಬೇರೆ.

ನೆಲದ ಮೇಲೆ ವರ್ಷಕ್ಕೆ ಬೀಳುವ ಮಳೆ 1 ಲಕ್ಷ ಘನ ಕಿಲೋಮೀಟರ್‌ಗಿಂತ ಜಾಸ್ತಿ. ಅರ್ಧಕ್ಕಿಂತ ಹೆಚ್ಚು ಪಾಲನ್ನು ಗಿಡ, ಮಣ್ಣು ಮತ್ತೆ ಗಾಳಿಗೇ ಕೊಡುತ್ತವೆ. ನದಿಗೆ, ಅಂತರ್ಜಲಕ್ಕೆ ಸೇರುವುದು ಸುಮಾರು 40 ಸಾವಿರ. ನಾವು ಎತ್ತುವುದು ಸುಮಾರು 4 ಸಾವಿರ. ಹತ್ತರಲ್ಲಿ ಒಂದು ತಾನೇ, ಭಯ ಯಾಕೆ ಅನ್ನಿಸುತ್ತದೆ, ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಆ 40 ಸಾವಿರದಲ್ಲಿ ದೊಡ್ಡ ಪಾಲು ಪ್ರವಾಹವಾಗಿ ನಾಲ್ಕು ದಿನದಲ್ಲಿ ಹರಿದುಹೋಗುತ್ತದೆ. ಇನ್ನೊಂದು ದೊಡ್ಡ ಪಾಲು ಜನ ಕಡಿಮೆ ಇರುವ ಕಡೆ ಹರಿಯುತ್ತದೆ, ಅಮೆಜಾನ್ ನದಿ ಇಲ್ವಾ, ಹಾಗೆ. ಅಲ್ಲಿ ನೀರಿದೆ ಅಂತ ಇಲ್ಲಿ ದಾಹ ತೀರುವುದಿಲ್ಲ.

ಆಗ ಕೈ ಹಾಕುವುದು ನೆಲದಡಿಯ ಗಂಟಿಗೆ. ಮೇಲುಪದರದ ನೀರು ಒಳ್ಳೆ ಮಳೆಯಾದರೆ ತುಂಬಿಕೊಳ್ಳುತ್ತದೆ. ಆಳದ್ದು ಹಾಗಲ್ಲ. ಸಹಾರಾ ಮರುಭೂಮಿಯ ಅಡಿಯಿಂದ ಲಿಬಿಯಾ ದೇಶ ಪೈಪಿನಲ್ಲಿ ತರುತ್ತಿರುವ ನೀರು ಸಾವಿರಾರು ವರ್ಷಗಳ ಹಿಂದೆ ಬಿದ್ದ ಮಳೆ. ಅದು ತಿರುಗುವ ಚಕ್ರದಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಅಂತ ಹಿರಿಯರು ಅಂದಿದ್ದು ಬೋರ್‌ವೆಲ್ ನೋಡಿಯೇ ಇರಬೇಕು! ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆಯದ್ದೊಂದು ಫೋಟೊ ಇದೆ, ಸಿಕ್ಕರೆ ನೋಡಿ. ಜೋಸೆಫ್ ಪೋಲಂಡ್ ಅನ್ನುವ ವಿಜ್ಞಾನಿ ಒಂದು ಕಂಬದ ಪಕ್ಕ ನಿಂತಿದ್ದಾರೆ. ಅವರ ತಲೆಯ ಮೇಲೆ ಎಷ್ಟೋ ಎತ್ತರದಲ್ಲಿ 1925 ಅಂತ ಫಲಕ, ಅದರ ಕೆಳಗೆ 1955, ಕಾಲ ಹತ್ತಿರ 1977. ಆಯಾ ವರ್ಷ ನೆಲ ಇದ್ದ ಮಟ್ಟ ಅದು. ನೀರೆತ್ತಿ ಎತ್ತಿ ನೆಲವೇ ಸುಮಾರು 28 ಅಡಿ ಕುಸಿದಿತ್ತು. ಹೀಗೆ ಒತ್ತಿಕೊಂಡ ಜೇಡಿಮಣ್ಣಿನಲ್ಲಿ ನೀರಿದ್ದ ಜಾಗ ಬಹುಪಾಲು ಮುಚ್ಚಿಹೋಗುತ್ತದೆ, ಮುಂದೆ ಎಷ್ಟು ಮಳೆ ಬಂದರೂ ಮೊದಲಿನಷ್ಟು ಹಿಡಿಯುವುದಿಲ್ಲ.

ಇನ್ನೊಂದು ಮಾತು ಸಂಪಾದಕರೇ. ಮಳೆಗಾಲದಲ್ಲಿ ದಿನವೂ ಎಷ್ಟು ಮಿಲಿಮೀಟರ್ ಬಿತ್ತು ಅಂತ ಪತ್ರಿಕೆಯಲ್ಲಿ ಹಾಕುತ್ತೀರಿ. ಅದರ ಪಕ್ಕದಲ್ಲೇ ಬಾವಿಗಳ ನೀರು ಎಷ್ಟು ಅಡಿ ಕೆಳಗಿದೆ, ಹೋದ ವರ್ಷ ಇದೇ ಹೊತ್ತಿಗೆ ಎಷ್ಟಿತ್ತು ಅಂತಲೂ ಹಾಕಿ. ತಿಂಗಳಿಗೊಮ್ಮೆ ಆದರೂ ಸಾಕು.

ಇಂತಿ,
ನಿಮ್ಮ ಒಬ್ಬ ಓದುಗ